ಕೌಂಟರ್‌ನಲ್ಲಿ ಕೇಳಿದ್ದನ್ನೇ ಬರೆಯಿರಿ

ಪ್ರಶ್ನೆ: ಕೊಡಗಿನ ಒಂದು ಕ್ಯಾಂಪಸ್‌ನ ಗ್ರಂಥಾಲಯದಲ್ಲಿ ಸಹಾಯಕಿಯಾಗಿದ್ದೇನೆ. ನಾವು ನಾಲ್ಕು ಜನ ಸಿಬ್ಬಂದಿ. ಗ್ರಂಥಾಲಯಕ್ಕೆ ಒಂದು ಬ್ಲಾಗ್ ಇರಲಿ, ನೀವೇ ಬರೆಯಿರಿ ಅಂತ ಮೇಲಿನವರು ಹೇಳಿದ್ದಾರೆ. ಹಿಂದೆ ಒಮ್ಮೆ ಶುರುವಾಗಿತ್ತು. ಹೊಸ ಪುಸ್ತಕಗಳ ಪಟ್ಟಿ, ರಜೆಯ ಸೂಚನೆ ಹಾಕಿ ಹಾಕಿ ನಿಂತೇ ಹೋಯಿತು. ನಮ್ಮಲ್ಲಿ ಬರಹಗಾರರು ಯಾರೂ ಇಲ್ಲ. ಏನು ಬರೆಯಬೇಕು? ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ? ಯಾರ ಅನುಮತಿ ಬೇಕು? ಕೊನೆಗೆ ಇದನ್ನು ಓದುವವರಾದರೂ ಯಾರು?

ಉತ್ತರ: ನಾಲ್ಕು ಜನ ಧಾರಾಳವಾಗಿ ಸಾಕು. ಬರಹಗಾರರು ಇಲ್ಲ ಅನ್ನುವ ಚಿಂತೆ ಬಿಡಿ. ಗ್ರಂಥಾಲಯಕ್ಕೆ ಬರುವವರಿಗೆ ತಮ್ಮ ಕೆಲಸ ಸಲೀಸಾಗುವ ನಾಲ್ಕು ಮಾತು ಸಿಕ್ಕರೆ ಸಾಕು. ಆ ಮಾತು ನಿಮ್ಮ ಹತ್ತಿರ ಈಗಲೇ ಇದೆ. ದಿನಾ ಕೌಂಟರ್‌ನಲ್ಲಿ ಆಡುತ್ತಲೇ ಇದ್ದೀರಿ. ಬಾಯಲ್ಲಿ ಹೇಳಿದ್ದು ಅಲ್ಲಿಗೇ ಮುಗಿಯುತ್ತದೆ. ಮಾರನೇ ದಿನ ಇನ್ನೊಬ್ಬರು ಬಂದು ಅದನ್ನೇ ಕೇಳುತ್ತಾರೆ. ನೀವು ಮತ್ತೆ ಮೊದಲಿಂದ ಹೇಳುತ್ತೀರಿ.

ಹಾಗಾಗಿ ಬ್ಲಾಗ್ ತೆರೆಯುವ ಮೊದಲು ಒಂದು ನೋಟ್‌ಬುಕ್ ತನ್ನಿ. ಪುಸ್ತಕ ಕೊಡುವ ಕೌಂಟರ್ ಮೇಲೆ ಇಡಿ, ಪೆನ್ನಿಗೆ ದಾರ ಕಟ್ಟಿ. ಯಾರು ಏನು ಕೇಳಿದರೂ ಅವರ ಮಾತಿನಲ್ಲೇ ಒಂದು ಸಾಲು ಬರೆದಿಡಿ. ಹೆಸರು ಬೇಡ, ತರಗತಿ ಬೇಡ, ಬರೀ ಪ್ರಶ್ನೆ. "ಹಳೇ ಪ್ರಶ್ನೆಪತ್ರಿಕೆ ಎಲ್ಲಿದೆ?" "ಈ ಜರ್ನಲ್ ಯಾಕೆ ಮನೆಯಲ್ಲಿ ತೆರೆಯಲ್ಲ?" "ನೆಂದ ಪುಸ್ತಕಕ್ಕೆ ದಂಡ ಎಷ್ಟು?" ಒಂದು ತಿಂಗಳು ಬಿಟ್ಟು ತೆಗೆದು ನೋಡಿ. ಮತ್ತೆ ಮತ್ತೆ ಬಂದ ಪ್ರಶ್ನೆಗಳ ಕೆಳಗೆ ಗೆರೆ ಎಳೆಯಿರಿ. ನಿಮ್ಮ ಮೊದಲ ಬರಹಗಳು ಅವೇ. ಏನು ಬರೆಯೋಣ ಅಂತ ನಾಲ್ಕು ಜನ ಕೂತು ತಲೆ ಕೆರೆದುಕೊಳ್ಳುವ ಸಭೆ ನಡೆಸಬೇಕಾಗಿಲ್ಲ.

ಒಂದು ಪ್ರಶ್ನೆ ಹೇಗೆ ಬರಹವಾಗುತ್ತದೆ ಅಂತ ತೋರಿಸುತ್ತೇನೆ. "ಕೊಡಗಿನ ಇತಿಹಾಸದ ಮೇಲೆ ಪ್ರಾಜೆಕ್ಟ್ ಇದೆ. ಕಂಪ್ಯೂಟರ್‌ನಲ್ಲಿ ಹುಡುಕಿದೆ, ಏನೂ ಸಿಗ್ತಿಲ್ಲ ಮೇಡಂ." ಈ ಮಾತು ನಿಮ್ಮಲ್ಲಿ ಕೇಳಿಬರದೇ ಇರಲಿಕ್ಕಿಲ್ಲ. ಪುಸ್ತಕ ಕಪಾಟಿನಲ್ಲಿ ಇರುತ್ತದೆ. ಆದರೆ ಹುಡುಗ ಇಂಗ್ಲಿಷ್ ಅಕ್ಷರದಲ್ಲಿ ಕೊಡಗು ಅಂತ ಹೊಡೆದಿರುತ್ತಾನೆ. ಹಳೆಯ ಇಂಗ್ಲಿಷ್ ಪುಸ್ತಕಗಳು ಕೂರ್ಗ್ ಅನ್ನುವ ಹೆಸರಿನಲ್ಲಿರುತ್ತವೆ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಅಷ್ಟೂ ಕಾಲ ಆಡಳಿತದ ಇಂಗ್ಲಿಷ್‌ನಲ್ಲಿ ನಡೆದದ್ದು ಕೂರ್ಗ್ ಅನ್ನುವ ಹೆಸರೇ. 1870ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ರಿಕ್ಟರ್ ಅವರ ಗೆಜೆಟಿಯರ್ ನೋಡಿ. 1886ರಲ್ಲಿ ಲೂಯಿಸ್ ರೈಸ್ ತಂದ ಕೊಡಗಿನ ಶಾಸನಗಳ ಸಂಪುಟ ನೋಡಿ. 1952ರಲ್ಲಿ ಬಂದ ಎಂ.ಎನ್. ಶ್ರೀನಿವಾಸ್ ಅವರ ಸಮಾಜಶಾಸ್ತ್ರದ ಪುಸ್ತಕ ನೋಡಿ. ಮೂರರ ಶೀರ್ಷಿಕೆಯಲ್ಲೂ ಕೂರ್ಗ್ ಇದೆ, ಕೊಡಗು ಇಲ್ಲ. ಊರುಗಳ ಕಥೆಯೂ ಹೀಗೇ. ಮಡಿಕೇರಿ ಬೇಕಾದರೆ ಮರ್ಕರಾ ಅಂತ ಹುಡುಕಬೇಕು. ಕುಶಾಲನಗರ ಫ್ರೇಸರ್‌ಪೇಟ್ ಆಗಿರುತ್ತದೆ. ವಿರಾಜಪೇಟೆ ಎಷ್ಟೋ ಕಡೆ ವೀರರಾಜೇಂದ್ರಪೇಟೆ ಅಂತ ಪೂರ್ತಿ ಹೆಸರಿನಲ್ಲಿರುತ್ತದೆ.

ಇದು ನಿಮಗೆ ಗೊತ್ತು. ನಿಮ್ಮ ವಿದ್ಯಾರ್ಥಿಗೆ ಗೊತ್ತಿಲ್ಲ. ಅವನು ಬರಿಗೈಯಲ್ಲಿ ಹಾಸ್ಟೆಲ್‌ಗೆ ಹೋಗಿ, ಫೋನ್‌ನಲ್ಲಿ ಏನು ಸಿಕ್ಕಿತೋ ಅದನ್ನೇ ಪ್ರಾಜೆಕ್ಟ್‌ಗೆ ಹಾಕುತ್ತಾನೆ. ಈ ವಿಷಯದ ಮೇಲೆ ಮುನ್ನೂರು ಪದ ಬರೆದರೆ ಎಷ್ಟು ಜನರಿಗೆ ದಾರಿಯಾಗುತ್ತದೆ ನೋಡಿ. ಮೊದಲ ಸಾಲಿನಲ್ಲಿ ಪ್ರಶ್ನೆ ಇರಲಿ, ಎರಡನೇ ಸಾಲಿನಲ್ಲೇ ಉತ್ತರ ಬರಲಿ. ಆಮೇಲೆ ನಿಮ್ಮದೇ ಕ್ಯಾಟಲಾಗ್‌ನಲ್ಲಿ ಎರಡೂ ಹೆಸರು ಹಾಕಿ ಹುಡುಕಿ, ಎಷ್ಟೆಷ್ಟು ಪುಸ್ತಕ ಬಂದವು ಅಂತ ಹೇಳಿ. ಕನ್ನಡ ಲಿಪಿಯಲ್ಲಿ ಹುಡುಕಿದರೆ ಬೇರೆಯೇ ಪಟ್ಟಿ ಬರಬಹುದು, ಅದನ್ನೂ ತೋರಿಸಿ. ಸಿಕ್ಕ ಪುಸ್ತಕಗಳು ಯಾವ ಕಪಾಟಿನಲ್ಲಿವೆ, ಮನೆಗೆ ಕೊಡುತ್ತೀರೋ ಇಲ್ಲೇ ಓದಬೇಕೋ ಹೇಳಿ. ಕೆಳಗೆ ನಿಮ್ಮ ಹೆಸರು ಹಾಕಿ, ಯಾವ ಹೊತ್ತಿನಲ್ಲಿ ಕೌಂಟರ್‌ನಲ್ಲಿರುತ್ತೀರಿ ಅಂತ ಬರೆಯಿರಿ. ಅಲ್ಲಿಗೆ ಬರಹ ಮುಗಿಯಿತು. ಪೀಠಿಕೆ ಬೇಡ, "ಗ್ರಂಥಾಲಯವು ಜ್ಞಾನದ ದೇಗುಲ" ಅನ್ನುವ ಸಾಲಂತೂ ಬೇಡವೇ ಬೇಡ.

ಇದನ್ನು ಬರೆಯೋಕೆ ಕೂತಾಗ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಕೂರ್ಗ್ ಅಂತಿರುವ ಪುಸ್ತಕಗಳ ದಾಖಲೆಯಲ್ಲಿ ವಿಷಯದ ಜಾಗದಲ್ಲಿ ಕೊಡಗು ಅಂತ ನೀವೇ ಯಾಕೆ ಸೇರಿಸಬಾರದು? ಕೋಹಾ, ಇ-ಗ್ರಂಥಾಲಯದಂಥ ಗ್ರಂಥಾಲಯ ತಂತ್ರಾಂಶಗಳಲ್ಲಿ ಅದು ಕಷ್ಟದ ಕೆಲಸ ಅಲ್ಲ. ಸೇರಿಸಿದ ದಿನ ಆ ಬರಹದ ಕೆಳಗೆ "ಈಗ ಕೊಡಗು ಅಂತ ಹುಡುಕಿದರೂ ಸಿಗುತ್ತದೆ" ಅಂತ ಒಂದು ಸಾಲು ಹಾಕಿ. ಸಿಬ್ಬಂದಿ ಬರೆಯಬೇಕು ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ. ಬೇರೆಯವರಿಗೆ ವಿವರಿಸೋಕೆ ಹೊರಟಾಗ ನಮ್ಮ ವ್ಯವಸ್ಥೆಯಲ್ಲಿ ಏನು ಸರಿಯಿಲ್ಲ ಅಂತ ನಮಗೇ ಗೊತ್ತಾಗುತ್ತದೆ. 1931ರಲ್ಲಿ ಎಸ್.ಆರ್. ರಂಗನಾಥನ್ ಕೊಟ್ಟ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಿ ಅನ್ನುತ್ತದೆ. ನಾವು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದವರು. ಕೌಂಟರ್‌ನ ಒಂದು ಪ್ರಶ್ನೆಗೆ ಬರಹದಲ್ಲಿ ಉತ್ತರ ಕೊಟ್ಟಾಗ ಆ ಸೂತ್ರ ನಿಜಕ್ಕೂ ಕೆಲಸ ಮಾಡುತ್ತದೆ.

ಹಿಂದಿನ ಬ್ಲಾಗ್ ಯಾಕೆ ನಿಂತಿತು ಅನ್ನುವುದಕ್ಕೆ ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ರಜೆಯ ಸೂಚನೆ ಬಾಗಿಲ ಮೇಲಿರುತ್ತದೆ, ಹೊಸ ಪುಸ್ತಕಗಳ ಪಟ್ಟಿ ಕ್ಯಾಟಲಾಗ್‌ನಲ್ಲಿರುತ್ತದೆ. ಅದನ್ನೇ ಇನ್ನೊಂದು ಕಡೆ ಓದೋಕೆ ಯಾರೂ ಬರುವುದಿಲ್ಲ. ಐವತ್ತು ಪುಸ್ತಕಗಳ ಪಟ್ಟಿಯ ಬದಲು ಒಂದೇ ಪುಸ್ತಕ ತೆಗೆದುಕೊಳ್ಳಿ. ಅದನ್ನು ಯಾಕೆ ತರಿಸಿದಿರಿ, ಯಾವ ಅಧ್ಯಾಯ ಯಾವ ಪೇಪರ್‌ಗೆ ಉಪಯೋಗ, ಹಳೇ ಆವೃತ್ತಿಗೂ ಇದಕ್ಕೂ ಏನು ವ್ಯತ್ಯಾಸ, ಇಷ್ಟು ಹೇಳಿ.

ಬರೆಯುವವರು ಯಾರು ಅನ್ನುವಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ. ಗ್ರಂಥಪಾಲಕರು ಒಬ್ಬರೇ ಬರೆಯಬಾರದು. ಪುಸ್ತಕ ಜೋಡಿಸುವವರು, ಬೈಂಡಿಂಗ್ ನೋಡುವವರು, ಸಂಜೆ ಪಾಳಿಯವರು, ಎಲ್ಲರ ಹೆಸರೂ ಅಲ್ಲಿ ಬರಬೇಕು. ಕಪಾಟಿನ ನಡುವೆ ದಿನವಿಡೀ ಓಡಾಡುವವರಿಗೆ ಗೊತ್ತಿರುವುದು ಕ್ಯಾಬಿನ್‌ನಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ. ಕಾಫಿಯನ್ನೇ ತೆಗೆದುಕೊಳ್ಳಿ. ನಿಮ್ಮಲ್ಲಿ ಅರ್ಧಕ್ಕರ್ಧ ಮಕ್ಕಳು ಕಾಫಿ ತೋಟದ ಜೊತೆ ಒಂದಲ್ಲ ಒಂದು ನಂಟು ಇರುವ ಮನೆಯವರೇ ಇರಬೇಕು. ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣ ಇರುವ ಗ್ರಂಥಾಲಯದಲ್ಲಿ ಕಾಫಿ ಪುಸ್ತಕ ಒಂದೇ ಕಡೆ ಇರುವುದಿಲ್ಲ. ಗಿಡ ಬೆಳೆಸುವ ಬಗ್ಗೆ ಇದ್ದರೆ 633.73ರಲ್ಲಿ, ಹುರಿದು ಪುಡಿ ಮಾಡುವ ಉದ್ಯಮದ ಬಗ್ಗೆ ಇದ್ದರೆ 663.93ರಲ್ಲಿ, ಬೆಲೆ ಮತ್ತು ಆರ್ಥಿಕತೆಯ ಬಗ್ಗೆ ಇದ್ದರೆ 338ರ ಸಾಲಿನಲ್ಲಿ. 633 ಮತ್ತು 663 ಕಣ್ಣಿಗೆ ಒಂದೇ ಥರ ಕಾಣುತ್ತವೆ, ನಡುವೆ ಎಷ್ಟೋ ಕಪಾಟು ಇರುತ್ತವೆ. ತಪ್ಪು ಸಾಲಿನಲ್ಲಿ ನಿಂತು ಹುಡುಕುವ ಮಕ್ಕಳನ್ನು ದಿನಾ ನೋಡುವವರು ಪುಸ್ತಕ ಜೋಡಿಸುವವರೇ. ಈ ಬರಹ ಅವರದ್ದೇ ಆಗಬೇಕು.

ಅವರು "ನನಗೆ ಬರೆಯೋಕೆ ಬರಲ್ಲ" ಅನ್ನುತ್ತಾರೆ. ಫೋನ್ ಕೊಟ್ಟು ಕನ್ನಡದಲ್ಲಿ ಮಾತಾಡಿಸಿ. ಈಗಿನ ಕೀಬೋರ್ಡ್‌ಗಳು ಕನ್ನಡ ಮಾತನ್ನು ಅಕ್ಷರಕ್ಕೆ ಇಳಿಸುತ್ತವೆ. ಕಾಗುಣಿತ ಇನ್ನೊಬ್ಬರು ತಿದ್ದಿಕೊಡಲಿ. ಮಾತಿನ ಧಾಟಿಯನ್ನು ಮಾತ್ರ ತಿದ್ದಬೇಡಿ. ಸಂಕೋಚ ಎಲ್ಲ ಕಡೆಯೂ ಇತ್ತು. ಅಮೆರಿಕದ ಷಾರ್ಲೆಟ್ ನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ 2006ರಲ್ಲಿ ಹೆಲೀನ್ ಬ್ಲೋವರ್ಸ್ ಸಿಬ್ಬಂದಿಗಾಗಿಯೇ 23 ಚಿಕ್ಕ ಪಾಠಗಳ ಒಂದು ಕಾರ್ಯಕ್ರಮ ರೂಪಿಸಿದರು. ಸ್ವಂತ ಬ್ಲಾಗ್ ತೆರೆದು, ಕಲಿತದ್ದನ್ನು ಅಲ್ಲಿ ಬರೆಯುವುದು ಮೊದಲ ಪಾಠಗಳಲ್ಲಿ ಒಂದಾಗಿತ್ತು. ಪೂರ್ತಿ ಮಾಡಿದವರಿಗೆ ಹಾಡು ಕೇಳುವ ಎಂಪಿತ್ರೀ ಪ್ಲೇಯರ್ ಬಹುಮಾನ. ಅದೇ ಮಾದರಿಯನ್ನು 2010ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಗ್ರಂಥಾಲಯದವರೂ ಮಾಡಿದರು. ಅಲ್ಲಿ ನನಗೆ ಹಿಡಿಸಿದ್ದು ಒಂದು ಸಂಗತಿ. ಬರೆಯೋಕೆ ಕಲಿಯುವುದನ್ನು ಅವರು ಕೆಲಸದ ಭಾಗ ಅಂತ ಒಪ್ಪಿಕೊಂಡರು. ನಿಮ್ಮಲ್ಲೂ ವಾರಕ್ಕೆ ಒಂದು ಗಂಟೆ ಡ್ಯೂಟಿ ಪಟ್ಟಿಯಲ್ಲೇ ಬರವಣಿಗೆಗೆ ಅಂತ ಇಡಿಸಿ. ಮನೆಗೆ ಹೋಗಿ ಅಡುಗೆ ಮುಗಿಸಿ ಬರೆಯಿರಿ ಅಂದರೆ ಎರಡು ವಾರಕ್ಕೆ ನಿಲ್ಲುತ್ತದೆ.

ಇನ್ನು ಮಳೆ. ಕೊಡಗಿನ ಗ್ರಂಥಾಲಯಕ್ಕೆ ಇದಕ್ಕಿಂತ ಹತ್ತಿರದ ವಿಷಯ ಯಾವುದಿದೆ? ಜೂನ್‌ನಿಂದ ಕಕ್ಕಡ ಮಾಸ ಮುಗಿಯುವ ಆಗಸ್ಟ್ ಮಧ್ಯದವರೆಗೆ ಪುಸ್ತಕ ಚೀಲದಲ್ಲಿ ನೆನೆಯುತ್ತದೆ. ಗಾಳಿಯ ತೇವಾಂಶ ಶೇ. 65 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯಲು ಅಷ್ಟು ಸಾಕು. ನೆಂದ ಪುಸ್ತಕಕ್ಕೆ ಎರಡು ಮೂರು ದಿನದಲ್ಲೇ ಬೂಷ್ಟು ಬರುತ್ತದೆ. ಇದರ ಮೇಲೆ ಮೇ ತಿಂಗಳಲ್ಲೇ ಒಂದು ಬರಹ ಸಿದ್ಧ ಮಾಡಿಟ್ಟುಕೊಳ್ಳಿ. ಮನೆಯವರು ಪ್ರೀತಿಯಿಂದ ಮಾಡುವ ಒಂದು ಕೆಲಸ ಪುಸ್ತಕವನ್ನು ಹಾಳು ಮಾಡುತ್ತದೆ. ಒದ್ದೆ ಬಟ್ಟೆಯ ಜೊತೆ ಪುಸ್ತಕವನ್ನೂ ಒಲೆಯ ಹತ್ತಿರ ಇಟ್ಟುಬಿಡುತ್ತಾರೆ. ಬಿಸಿಗೆ ಹಾಳೆ ಸೊಟ್ಟಗಾಗುತ್ತದೆ, ಬೈಂಡಿಂಗ್‌ನ ಅಂಟು ಬಿರಿಯುತ್ತದೆ. ಮೊದಲು ಪುಸ್ತಕದ ಮೇಲಿನ ನೀರನ್ನು ಒತ್ತಿ ತೆಗೆಯಿರಿ, ಉಜ್ಜಬೇಡಿ. ಹಾಳೆಗಳ ನಡುವೆ ಅಲ್ಲಲ್ಲಿ ಅಚ್ಚಿಲ್ಲದ ಬಿಳಿ ಕಾಗದ ಇಡಿ. ದಿನಪತ್ರಿಕೆ ಇಟ್ಟರೆ ಅದರ ಮಸಿ ಹತ್ತಿಕೊಳ್ಳುತ್ತದೆ. ಪುಸ್ತಕವನ್ನು ನೆಟ್ಟಗೆ ನಿಲ್ಲಿಸಿ, ಸ್ವಲ್ಪ ಬಿಡಿಸಿ, ದೂರದಿಂದ ಫ್ಯಾನ್ ಹಾಕಿ. ಕಾಗದ ಒದ್ದೆಯಾದ ಹಾಗೆ ಬದಲಿಸುತ್ತಾ ಇರಿ. ನುಣುಪು ಹಾಳೆಯ ಪುಸ್ತಕವಾದರೆ ಕಾಯಬೇಡಿ. ಒಣಗುವಾಗ ಹಾಳೆಗಳು ಒಂದಕ್ಕೊಂದು ಅಂಟಿದರೆ ಮತ್ತೆ ಬಿಡಿಸಲು ಆಗುವುದಿಲ್ಲ. ಅಂಥದ್ದನ್ನು ಆದಷ್ಟು ಬೇಗ ಗ್ರಂಥಾಲಯಕ್ಕೆ ತರಲು ಹೇಳಿ. ಕರೆಂಟ್ ಇಲ್ಲದೆ ಎರಡು ದಿನದೊಳಗೆ ಒಣಗಿಸಲು ಆಗಲ್ಲ ಅನ್ನಿಸಿದರೂ ಬಚ್ಚಿಡದೆ ತಂದುಕೊಡಲು ಹೇಳಿ. ದಂಡಕ್ಕೆ ಹೆದರಿ ಮಕ್ಕಳು ನೆಂದ ಪುಸ್ತಕ ಬಚ್ಚಿಡುತ್ತಾರೆ. ಬೇಗ ತಂದವರಿಗೆ ದಂಡದಲ್ಲಿ ರಿಯಾಯಿತಿ ಅಂತ ನಿಮ್ಮ ಮೇಲಿನವರಿಂದ ಒಂದು ಮಾತು ಬರೆಸಿಕೊಳ್ಳಿ. ಆ ಒಂದು ಸಾಲು ಬರಹದ ಮೊದಲಲ್ಲೇ ಇರಲಿ.

ಆನ್‌ಲೈನ್ ಸೌಲಭ್ಯಗಳ ಬಗ್ಗೆಯೂ ಬರೆಯಬೇಕು. ಒಂದೊಂದಕ್ಕೆ ಒಂದೊಂದು ಬರಹ ಸಾಕು. 2025ರ ಜನವರಿ 1ರಿಂದ ಒಂದು ದೇಶ ಒಂದು ಚಂದಾ ಯೋಜನೆ ಶುರುವಾಗಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದಿವೆ. ನಿಮ್ಮ ಸಂಸ್ಥೆ ಅದರಲ್ಲಿದ್ದರೆ ಲಾಗಿನ್ ಹೇಗೆ ಅಂತ ಪರದೆಯ ಚಿತ್ರ ಹಾಕಿ ಹೇಳಿ. ಪಿಎಚ್‌ಡಿ ಪ್ರಬಂಧಗಳ ಜಾಲತಾಣ ಶೋಧಗಂಗಾ ಬಗ್ಗೆ ಬರೆಯುವಾಗ ಒಂದು ನಿಜವಾದ ಹುಡುಕಾಟ ಮಾಡಿ ತೋರಿಸಿ. ಕೊಡಗಿನ ದೇವರಕಾಡು ಅಂತಲೋ ಕಾಫಿ ಕಾರ್ಮಿಕರು ಅಂತಲೋ ಹುಡುಕಿ. ಅಲ್ಲೂ ಕೂರ್ಗ್, ಕೊಡಗು ಎರಡನ್ನೂ ಹಾಕಬೇಕು ಅಂತ ನೆನಪಿಸಿ. ಅದು ಎಲ್ಲರಿಗೂ ಉಚಿತ, ಮನೆಯಿಂದಲೂ ತೆರೆಯುತ್ತದೆ ಅನ್ನುವುದು ಎಷ್ಟೋ ಎಂಎ ವಿದ್ಯಾರ್ಥಿಗಳಿಗೆ ಗೊತ್ತೇ ಇರುವುದಿಲ್ಲ.

ಅನುಮತಿ ವಿಷಯಕ್ಕೆ ಬರೋಣ. ಇಂಥ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಪ್ರತಿ ಬರಹವೂ ಕಡತದಲ್ಲಿ ಕೂತು, ಮೂರು ಮೇಜು ದಾಟಿ, ಸಹಿಯಾಗಿ ಬರಬೇಕು ಅಂದರೆ ಮಳೆಯ ಬರಹ ಬೇಸಿಗೆಯಲ್ಲಿ ಹೊರಬೀಳುತ್ತದೆ. ಹಾಗಂತ ಅನುಮತಿ ಇಲ್ಲದೆ ಸುಮ್ನೆ ಶುರು ಮಾಡಬೇಡಿ. ನಾಳೆ ಏನಾದರೂ ಮಾತು ಬಂದರೆ ನಿಮ್ಮ ಬೆನ್ನಿಗೆ ಯಾರೂ ಇರುವುದಿಲ್ಲ. ಒಂದೇ ಸಲ, ಒಂದು ಪುಟದ ಲಿಖಿತ ಆದೇಶ ಪಡೆಯಿರಿ. ಗ್ರಂಥಾಲಯದ ಸೇವೆ, ಸಂಗ್ರಹ, ಬಳಕೆ ಈ ಮೂರರ ಬಗ್ಗೆ ಸಿಬ್ಬಂದಿ ತಮ್ಮ ಹೆಸರಿನಲ್ಲಿ ಬರೆಯಬಹುದು. ಇನ್ನೊಬ್ಬ ಸಿಬ್ಬಂದಿ ಓದಿ ನೋಡಬೇಕು. ಗ್ರಂಥಪಾಲಕರು ಎರಡು ದಿನದಲ್ಲಿ ಏನೂ ಹೇಳದಿದ್ದರೆ ಪ್ರಕಟಿಸಬಹುದು. ಈ ಕೊನೆಯ ಷರತ್ತನ್ನು ಬಿಟ್ಟುಕೊಡಬೇಡಿ. ನೇಮಕಾತಿ, ವರ್ಗಾವಣೆ, ಸರ್ಕಾರದ ನೀತಿ ಇವುಗಳ ಬಗ್ಗೆ ಅಲ್ಲಿ ಒಂದು ಸಾಲೂ ಬೇಡ. ಸೇವಾ ನಿಯಮದ ತೊಡಕು ಬರುವುದು ಅಂಥ ಕಡೆಯೇ.

ಹೆಸರಿಲ್ಲದ "ಗ್ರಂಥಾಲಯ ಸಿಬ್ಬಂದಿ" ಅನ್ನುವ ಸಹಿಯನ್ನು ನಾನು ಒಪ್ಪುವುದಿಲ್ಲ. ಹೆಸರಿದ್ದರೆ ವಿದ್ಯಾರ್ಥಿ ಕೌಂಟರ್‌ಗೆ ಬಂದು "ನೀವು ಬರೆದಿದ್ದು ಓದಿದೆ, ಇನ್ನೊಂದು ಡೌಟ್ ಇದೆ" ಅನ್ನುತ್ತಾಳೆ.

ಓದುಗರ ಹೆಸರು ಮಾತ್ರ ಎಂದೂ ಬೇಡ. ಯಾರು ಯಾವ ಪುಸ್ತಕ ತೆಗೆದುಕೊಂಡರು ಅನ್ನುವುದು ಅವರ ಖಾಸಗಿ ವಿಷಯ. ಹೊಗಳುವುದಕ್ಕೂ ಅದನ್ನು ಬಳಸಬಾರದು. ದೊಡ್ಡ ಊರಿನಲ್ಲಿ ಹೆಸರು ಬಿಟ್ಟರೆ ಸಾಕಾಗಬಹುದು, ಕೊಡಗಿನಲ್ಲಿ ಸಾಲದು. "ನಾಪೋಕ್ಲು ಕಡೆಯಿಂದ ಬರುವ ಎಂಎ ವಿದ್ಯಾರ್ಥಿನಿಯೊಬ್ಬಳು ಖಿನ್ನತೆಯ ಬಗ್ಗೆ ಪುಸ್ತಕ ಕೇಳಿದಳು" ಅಂತ ಬರೆದರೆ ಸಂಜೆಯೊಳಗೆ ಯಾವ ಮನೆತನದವಳು ಅಂತ ಬಸ್ ಸ್ಟ್ಯಾಂಡಿನಲ್ಲಿ ಗೊತ್ತಾಗಿರುತ್ತದೆ. ಆಮೇಲೆ ಅವಳು ಗ್ರಂಥಾಲಯಕ್ಕೆ ಕಾಲಿಡುವುದಿಲ್ಲ. ಊರು, ತರಗತಿ, ವಯಸ್ಸು, ಎಲ್ಲ ತೆಗೆದುಹಾಕಿ ಪ್ರಶ್ನೆಯನ್ನು ಮಾತ್ರ ಉಳಿಸಿ. ಕೆಲವು ಪ್ರಶ್ನೆಗಳನ್ನು ಬರೆಯದೇ ಬಿಡಬೇಕಾಗುತ್ತದೆ. ಓದುವ ಕೋಣೆಯ ಫೋಟೋದಲ್ಲಿ ಮುಖ ಕಾಣುತ್ತಿದ್ದರೆ ಕೇಳಿಯೇ ಹಾಕಿ.

ಪುಸ್ತಕದ ಪುಟಗಳನ್ನು ಹಾಕುವಾಗ ಹಕ್ಕುಸ್ವಾಮ್ಯ ನೋಡಿಕೊಳ್ಳಿ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಅದು ಇರುತ್ತದೆ. ನಡಿಕೇರಿಯಂಡ ಚಿಣ್ಣಪ್ಪ ಅವರು 1924ರಲ್ಲಿ ಹೊರತಂದ ಕೊಡವ ಹಾಡುಗಳ ಸಂಗ್ರಹ ಪಟ್ಟೋಲೆ ಪಳಮೆಯ ಮೊದಲ ಮುದ್ರಣ ನಿಮ್ಮಲ್ಲಿದ್ದರೆ ಅದರ ಪುಟ ಧೈರ್ಯವಾಗಿ ತೋರಿಸಬಹುದು. ಅವರು ತೀರಿಕೊಂಡದ್ದು 1931ರಲ್ಲಿ. ಅದೇ ಪುಸ್ತಕದ ಈಚಿನ ಅನುವಾದವನ್ನು ಹಾಗೆ ಹಾಕುವಂತಿಲ್ಲ. ಅನುವಾದಕರ ಹಕ್ಕು ಬೇರೆ.

ಭಾಷೆ ಕನ್ನಡ ಇರಲಿ. ಡೇಟಾಬೇಸ್ ಹೆಸರು, ಬಟನ್‌ಗಳ ಹೆಸರು ಪರದೆ ಮೇಲೆ ಹೇಗಿವೆಯೋ ಹಾಗೇ ಕೊಡಿ. ಮನೆಯಲ್ಲಿ ಕೊಡವ ತಕ್ಕ್ ಆಡುವವರು, ಅರೆಭಾಷೆ ಆಡುವವರು, ಮಲಯಾಳಂ ಆಡುವವರು, ಎಲ್ಲರೂ ಕನ್ನಡ ಓದುತ್ತಾರೆ. ಕೊಡವ ಸಾಹಿತ್ಯ ಅಕಾಡೆಮಿಯ ಮತ್ತು ಅರೆಭಾಷೆ ಅಕಾಡೆಮಿಯ ಪುಸ್ತಕಗಳ ಬಗ್ಗೆ ಬರೆಯುವಾಗ ಆಯಾ ಭಾಷೆ ಬಲ್ಲ ಸಿಬ್ಬಂದಿ ಆ ಭಾಷೆಯಲ್ಲೇ ಒಂದು ಪ್ಯಾರಾ ಸೇರಿಸಿದರೆ ಬಹಳ ಚೆನ್ನ. ಟೈಪ್ ಮಾಡುವುದು ಮಾತ್ರ ಯೂನಿಕೋಡ್‌ನಲ್ಲೇ ಆಗಬೇಕು. ಹಳೇ ನುಡಿ ತಂತ್ರಾಂಶದ ಅಕ್ಷರದಲ್ಲಿ ಹೊಡೆದದ್ದನ್ನು ಅಂಟಿಸಿದರೆ ಅರ್ಥವಾಗದ ಗೀಟುಗಳು ಕಾಣುತ್ತವೆ. ಅದನ್ನು ತಪ್ಪಿಸಲು ಕೆಲವರು ಬರಹವನ್ನೇ ಫೋಟೋ ತೆಗೆದು ಹಾಕುತ್ತಾರೆ. ಆ ಫೋಟೋ ಗೂಗಲ್‌ನ ಹುಡುಕಾಟಕ್ಕೆ ಸರಿಯಾಗಿ ಸಿಗುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಯ ಫೋನ್ ಅದನ್ನು ಸರಿಯಾಗಿ ಓದಿ ಹೇಳುವುದೂ ಇಲ್ಲ. ನುಡಿಯ ಹೊಸ ಆವೃತ್ತಿಯಲ್ಲಿ ಯೂನಿಕೋಡ್ ಆಯ್ಕೆ ಇದೆ, ಅದನ್ನು ಬಳಸಿ.

ಯಾರು ಓದುತ್ತಾರೆ ಅಂದಿರಲ್ಲ. ಮೊದಮೊದಲು ತುಂಬಾ ಕಡಿಮೆ ಜನ. ಎಣಿಕೆಯ ಅಂಕಿಯನ್ನು ದಿನಾ ನೋಡಬೇಡಿ. ನೋಟ್‌ಬುಕ್ ನೋಡಿ. ಬರೆದ ಪ್ರಶ್ನೆ ಕೌಂಟರ್‌ನಲ್ಲಿ ಕಡಿಮೆಯಾಗಿದ್ದರೆ ಬರಹ ಕೆಲಸ ಮಾಡಿದೆ. ಅದೇ ಪ್ರಶ್ನೆ ಅಷ್ಟೇ ಸಲ ಬರುತ್ತಿದ್ದರೆ ಬರಹ ಅವರಿಗೆ ತಲುಪಿಲ್ಲ. ಆಗ ಅದರ ಕೊಂಡಿಯನ್ನು ತರಗತಿಯ ವಾಟ್ಸಾಪ್ ಗುಂಪಿಗೆ ಕಳಿಸಿ, ಕ್ಯೂಆರ್ ಕೋಡ್ ಮಾಡಿ ಆಯಾ ಕಪಾಟಿನ ಅಂಚಿಗೆ ಅಂಟಿಸಿ. 633ರ ಕಪಾಟಿನ ಎದುರು ನಿಂತವರಿಗೆ ಕಾಫಿಯ ಬರಹ ಅಲ್ಲೇ ಸಿಗಬೇಕು. ಚಿತ್ರಗಳನ್ನು ಚಿಕ್ಕದು ಮಾಡಿ ಹಾಕಿ. ಮಳೆಗಾಲದ ನೆಟ್‌ವರ್ಕ್ ನಿಮಗೆ ಗೊತ್ತೇ ಇದೆ.

ತಿಂಗಳಿಗೆ ಎರಡು ಬರಹ ಸಾಕು. ನಾಲ್ಕು ಜನ ಸರದಿಯಲ್ಲಿ ಬರೆದರೆ ಒಬ್ಬರಿಗೆ ಎರಡು ತಿಂಗಳಿಗೊಮ್ಮೆ ಬರುತ್ತದೆ. ಪುತ್ತರಿ ಹಬ್ಬದ ಹೊತ್ತಿಗೆ, ಕಾಫಿ ಕೊಯ್ಲಿನ ಹೊತ್ತಿಗೆ ರಜೆ ಹಾಕುವವರು ಜಾಸ್ತಿ. ಆ ತಿಂಗಳುಗಳಿಗೆ ಮೊದಲೇ ಬರೆದಿಟ್ಟುಕೊಳ್ಳಿ. ಪ್ರತಿ ಬರಹದ ತಲೆಯಲ್ಲಿ ದಿನಾಂಕ ಇರಲಿ. ವರ್ಷಕ್ಕೊಮ್ಮೆ ಹಳೆಯದನ್ನೆಲ್ಲ ತೆರೆದು, ಬದಲಾದ ಲಾಗಿನ್, ಬದಲಾದ ಸಮಯ, ಜಾಗ ಬದಲಿಸಿದ ಕಪಾಟು ಇವನ್ನೆಲ್ಲ ತಿದ್ದಿ. ತಪ್ಪು ಮಾಹಿತಿ ಇರುವ ಹಳೇ ಬರಹಕ್ಕಿಂತ ಬರಹವೇ ಇಲ್ಲದಿರುವುದು ಮೇಲು.

ಖಾತೆಯನ್ನು ಯಾರದೋ ಸ್ವಂತ ಇಮೇಲ್‌ನಿಂದ ತೆರೆಯಬೇಡಿ. ಅವರು ವರ್ಗವಾಗಿ ಹೋದರೆ ಪಾಸ್‌ವರ್ಡ್ ಕೂಡ ಅವರ ಜೊತೆ ಹೋಗುತ್ತದೆ. ಗ್ರಂಥಾಲಯದ ಅಧಿಕೃತ ಇಮೇಲ್ ಬಳಸಿ, ಇಬ್ಬರ ಹತ್ತಿರ ಪಾಸ್‌ವರ್ಡ್ ಇರಲಿ. ಪ್ರತಿ ಬರಹದ ಒಂದು ಪ್ರತಿಯನ್ನು ಗ್ರಂಥಾಲಯದ ಕಂಪ್ಯೂಟರ್‌ನಲ್ಲೂ ಇಟ್ಟುಕೊಳ್ಳಿ. ಅಧಿಕಾರ ವಹಿಸಿಕೊಡುವ ಪಟ್ಟಿಯಲ್ಲಿ ಬೀಗದ ಕೈ, ಸ್ಟಾಕ್ ರಿಜಿಸ್ಟರ್ ಜೊತೆ ಇದನ್ನೂ ಒಂದು ಸಾಲಾಗಿ ಸೇರಿಸಿ.